ಗಾಳಿಮಳೆ ಆದಮೇಲೆ ಕೆಲವು ಬಲ್ಬ್ ಮಂಕು, ಕೆಲವು ಜಾಸ್ತಿ ಬೆಳಕು
ಹೀಗಾಗುತ್ತಿರುವುದು ಲೋಡ್ ಶೆಡ್ಡಿಂಗಾ ಅಂತ ಕೇಳಿದ್ದೀರಿ. ಇದು ಲೋಡ್ ಶೆಡ್ಡಿಂಗ್ ಇರಲಾರದು. ಕರೆಂಟ್ ಕೊರತೆ ಇದ್ದಾಗ ಫೀಡರ್ (ಒಂದು ಪ್ರದೇಶಕ್ಕೆ ಕರೆಂಟ್ ತರುವ ಲೈನ್) ಆಫ್ ಮಾಡುತ್ತಾರೆ, ಬಲ್ಬ್ ಹೀಗೆ ವಿಪರೀತ ಉರಿಯುವುದಿಲ್ಲ. ನಿಮ್ಮದು ತ್ರೀ ಫೇಸ್ (ಮೂರು ಕರೆಂಟ್ ತಂತಿ ಬರುವ) ಕನೆಕ್ಷನ್ ಅಂದಿರಲ್ವಾ, ಹಾಗಾದರೆ ಬಹುಶಃ ಗಾಳಿಗೆ ನ್ಯೂಟ್ರಲ್ ತಂತಿ (ಮೂರೂ ಫೇಸ್‌ಗೆ ಸಾಮಾನ್ಯವಾದ, ಕರೆಂಟ್ ವಾಪಸ್ ಹೋಗುವ ತಂತಿ) ಸಡಿಲವಾಗಿದೆ ಅಥವಾ ತುಂಡಾಗಿದೆ. ಆಗ ಒಂದು ಫೇಸ್‌ನಲ್ಲಿ 230 ಇರಬೇಕಾದ ವೋಲ್ಟೇಜ್ 400ರ ಹತ್ತಿರ ಹೋಗಬಹುದು.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಫ್ರಿಜ್, ಟಿವಿ ಪ್ಲಗ್ ಕಿತ್ತಿಡಿ. ಸ್ಟೆಬಿಲೈಸರ್ ಇದೆ ಅಂತ ಧೈರ್ಯ ಬೇಡ, ನನ್ನದು ಅದೇ ಮೊದಲು ಸುಟ್ಟಿತು. ಆಮೇಲೆ ಅಕ್ಕಪಕ್ಕದವರನ್ನು ಕೇಳಿ. ಅವರಿಗೂ ಹೀಗೇ ಆಗಿದ್ದರೆ ತೊಂದರೆ ಕಂಬದಲ್ಲೋ ಟ್ರಾನ್ಸ್‌ಫಾರ್ಮರ್‌ನಲ್ಲೋ ಇದೆ. ನಿಮಗೊಬ್ಬರಿಗೇ ಆದರೆ ಸರ್ವಿಸ್ ವೈರ್ (ಕಂಬದಿಂದ ಮನೆಗೆ ಬರುವ ತಂತಿ) ಅಥವಾ ಮೀಟರ್ ಬೋರ್ಡ್ ಇರಬಹುದು, ನೋಡದೆ ಖಚಿತ ಹೇಳಲಾರೆ. ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಸುಮ್ನೆ 'ಕರೆಂಟ್ ಸರಿಯಿಲ್ಲ' ಅನ್ನದೆ 'ನ್ಯೂಟ್ರಲ್ ಹೋಗಿದೆ' ಎಂದೇ ಹೇಳಿ. ಲೈನ್‌ಮನ್ ಸರಿ ಮಾಡುವವರೆಗೆ ಮೇನ್ ಹಾಕಬೇಡಿ.