ಸ್ಟೀರಿಂಗ್ ರ‍್ಯಾಕ್‌ಗೆ ಯಾವ ಗ್ರೀಸ್, ಎಲ್ಲೆಲ್ಲಿ?

ಪ್ರಶ್ನೆ: ಹಳೆಯ ಮಾರುತಿ 800 ಕಾರಿನ ಸ್ಟೀರಿಂಗ್ ರ‍್ಯಾಕನ್ನು (ಕೊಳವೆಯೊಳಗೆ ಹಲ್ಲಿನ ಬಾರು ಎಡಬಲಕ್ಕೆ ಸರಿದು ಮುಂದಿನ ಚಕ್ರಗಳನ್ನು ತಿರುಗಿಸುವ ಭಾಗ) ಮನೆಯಲ್ಲೇ ಬಿಚ್ಚಿದ್ದೇನೆ. ಒಂದು ಬದಿಯ ರಬ್ಬರ್ ಬೂಟು (ಮಡಿಕೆಗಳಿರುವ ಹೊದಿಕೆ) ಹರಿದು ಒಳಗೆ ಕೆಸರುನೀರು ಸೇರಿತ್ತು. ತಿರುಗಿ ಜೋಡಿಸುವಾಗ ಯಾವ ಗ್ರೀಸ್ ಹಾಕಬೇಕು? ಕೊಳವೆಯ ತುಂಬ ಗ್ರೀಸ್ ತುಂಬಿಸಿದರೆ ಮುಂದೆ ನೀರು ಸೇರುವುದಿಲ್ಲವೇ? ಗೇರ್ ಆಯಿಲ್ ಸುರಿದರೆ ಸಾಕೆಂದು ಪರಿಚಿತರೊಬ್ಬರು ಹೇಳುತ್ತಾರೆ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಗೇರ್ ಆಯಿಲ್ ಬೇಡ. ಮಾರಿಸ್ ಮೈನರ್‌ನಂತಹ ಹಳೆಯ ಬ್ರಿಟಿಷ್ ಕಾರುಗಳ ರ‍್ಯಾಕಿಗೆ 90ನೇ ನಂಬರಿನ ಗೇರ್ ಆಯಿಲನ್ನೇ ಹಾಕುತ್ತಿದ್ದರು. ಆ ಮಾತು ಇಂದಿಗೂ ಉಳಿದುಕೊಂಡಿದೆ. ನಿಮ್ಮ ಕಾರಿನದು ಗ್ರೀಸ್ ರ‍್ಯಾಕ್. ಲಿಥಿಯಂ ಆಧಾರಿತ, ಇಪಿ ಗುಣದ (ಹೆಚ್ಚು ಒತ್ತಡ ತಾಳುವ), 2ನೇ ದರ್ಜೆಯ (ಮಧ್ಯಮ ಗಟ್ಟಿತನದ) ಗ್ರೀಸ್ ಇದಕ್ಕೆ ಸಾಕು. ಹಳೆಯ ಗ್ರೀಸಿನ ಮೇಲೆ ಹೊಸದನ್ನು ಸವರಬೇಡಿ; ಬೇರೆ ಬೇರೆ ಬಗೆಯ ಗ್ರೀಸ್‌ಗಳು ಬೆರೆತಾಗ ಕೆಲವೊಮ್ಮೆ ನೀರಾಗಿ ಇಳಿದುಹೋಗುತ್ತವೆ. ನೀರು ಸೇರಿದ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನೆಲ್ಲ ಸೀಮೆಎಣ್ಣೆಯಿಂದ ತೊಳೆದು, ಕಡ್ಡಿಗೆ ಬಟ್ಟೆ ಸುತ್ತಿ ಕೊಳವೆಯ ಒಳಗನ್ನು ಪೂರ್ತಿ ಒಣಗುವವರೆಗೆ ಒರೆಸಿ.

ಗ್ರೀಸ್ ಹಚ್ಚುವ ಮೊದಲು ರ‍್ಯಾಕ್ ಬಾರನ್ನು ಬೆಳಕಿಗೆ ಹಿಡಿದು, ಹಲ್ಲಿಲ್ಲದ ನುಣುಪಾದ ಭಾಗದ ಮೇಲೆ ಉಗುರು ಎಳೆದು ನೋಡಿ. ತುಕ್ಕು ತಿಂದ ಗುಳಿಗೆ ಉಗುರು ಸಿಕ್ಕಿಕೊಂಡರೆ ಆ ಬಾರು ತುದಿಯಲ್ಲಿ ಅದಕ್ಕೆ ಆಧಾರವಾಗಿ ಕೂರುವ ಬಳೆಯಾದ ಬುಶ್ಶನ್ನು, ಅದು ಹೊಸದಾದರೂ, ಬೇಗ ತಿಂದುಹಾಕುತ್ತದೆ. ಎಂಥ ಗ್ರೀಸೂ ಅದನ್ನು ಉಳಿಸಲಾರದು, ಬಾರನ್ನು ಬದಲಿಸಲೇಬೇಕು.

ಇನ್ನು ಕೊಳವೆ ತುಂಬಿಸುವ ವಿಚಾರ. ಸ್ಟೀರಿಂಗ್ ತಿರುಗಿಸಿದಾಗ ಒಂದು ಕಡೆಯ ಬೂಟು ಕುಗ್ಗಿ ಇನ್ನೊಂದು ಕಡೆಯದು ಹಿಗ್ಗುತ್ತದೆ, ಕುಗ್ಗಿದ ಬೂಟಿನ ಗಾಳಿ ಕೊಳವೆಯೊಳಗಿಂದ ಹಾದು ಇನ್ನೊಂದು ಬದಿಗೆ ಹೋಗಬೇಕು. ಅಲ್ಲಿ ಗ್ರೀಸ್ ಗಿಡಿದಿಟ್ಟರೆ ಗಾಳಿಗೆ ದಾರಿಯಿಲ್ಲದೆ ಒಂದು ಬೂಟು ಉಬ್ಬಿ ಇನ್ನೊಂದು ಒಳಕ್ಕೆ ಎಳೆದುಕೊಳ್ಳುತ್ತದೆ, ಕೊನೆಗೆ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ ಇಲ್ಲವೇ ಹರಿಯುತ್ತದೆ. ನೀರು ತಡೆಯಲು ತುಂಬಿಸಿದ ಗ್ರೀಸೇ ನೀರಿಗೆ ಬಾಗಿಲು ತೆರೆದಂತಾಗುತ್ತದೆ. ಆದ್ದರಿಂದ ಹಲ್ಲುಗಳ ಸಂದು ತುಂಬುವಂತೆ ಬೆರಳಿನಿಂದ ಒತ್ತಿ ಹಚ್ಚಿ. ಬಾರಿನ ಬೆನ್ನಿಗೆ, ಅದನ್ನು ಹಿಂದಿನಿಂದ ಒತ್ತಿ ಹಿಡಿಯುವ ಪ್ಲಂಜರಿಗೆ ಮತ್ತು ತುದಿಯ ಬುಶ್ಶಿಗೆ ತೆಳುವಾಗಿ ಸವರಿ. ಬಾರಿನ ಹಲ್ಲಿಗೆ ಕಚ್ಚಿಕೊಂಡು ತಿರುಗುವ ಸಣ್ಣ ಗೇರಾದ ಪಿನಿಯನ್ನಿನ ಬೇರಿಂಗುಗಳಿಗೆ ಚೆನ್ನಾಗಿ ತುಂಬಿ, ಅದರ ಸೀಲಿನ ತುಟಿಗೂ ಒಂದಿಷ್ಟು ಹಚ್ಚಿ. ಬುಶ್ಶಿನಲ್ಲಿರುವ ಗಾಳಿಯ ಸಂದು ಮುಚ್ಚಬಾರದು. ಬಾರಿನ ತುದಿಯನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಒಳಗಿನ ಬಾಲ್ ಜಾಯಿಂಟಿಗೂ ಗ್ರೀಸ್ ಬೇಕು. ಅದರ ವಾಷರನ್ನು ಹೊಸದಾಗಿ ಹಾಕಿ, ಅಂಚನ್ನು ಬಗ್ಗಿಸಿ ಲಾಕ್ ಮಾಡಿರುವುದನ್ನು ಬೂಟು ಮುಚ್ಚುವ ಮೊದಲೇ ಕಣ್ಣಾರೆ ನೋಡಿ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಸೀಮೆಯಲ್ಲಿ, ನನ್ನ ದೃಷ್ಟಿಯಲ್ಲಿ, ಗ್ರೀಸಿಗಿಂತ ಬೂಟೇ ಮುಖ್ಯ. ಎರಡೂ ಬೂಟುಗಳನ್ನು ಒಟ್ಟಿಗೆ ಬದಲಿಸಿ. ಟೈ ರಾಡಿನ ಮೇಲೆ ಕೂರುವ ಬೂಟಿನ ಸಣ್ಣ ಬಾಯಿಗೆ ಸಿಲಿಕೋನ್ ಗ್ರೀಸ್ ಸವರಿದರೆ, ಅಲೈನ್‌ಮೆಂಟ್ ಮಾಡುವಾಗ ರಾಡು ತಿರುಗಿದರೂ ಬೂಟು ತಿರುಚಿಕೊಳ್ಳುವುದಿಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ, ಚಕ್ರವನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಹಿಗ್ಗಿದ ಬೂಟಿನ ಮಡಿಕೆಗಳ ನಡುವೆ ಬಿರುಕಿದೆಯೇ ಎಂದು ನೋಡುವುದು ಒಳ್ಳೆಯದು. ಮಡಿಕೆ ಮುಚ್ಚಿರುವಾಗ ಬಿರುಕು ಕಾಣುವುದಿಲ್ಲ.

ಪ್ಲಂಜರಿನ ತಿರುಪನ್ನು ಕಂಪನಿಯ ಕೈಪಿಡಿಯಲ್ಲಿ ಹೇಳಿದಂತೆಯೇ ಹೊಂದಿಸಿ. ರ‍್ಯಾಕಿನ ಹಲ್ಲು ನಡುವಿನಲ್ಲಿ ಹೆಚ್ಚು ಸವೆದಿರುವುದರಿಂದ, ಅಲ್ಲಿಯ ಆಟ (ಸಡಿಲ) ಹೋಗುವವರೆಗೆ ಬಿಗಿ ಮಾಡಿದರೆ ತುದಿಗಳಲ್ಲಿ ರ‍್ಯಾಕ್ ಹಿಡಿದುಕೊಳ್ಳುತ್ತದೆ. ಘಾಟಿಯ ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ಮರಳದಿದ್ದರೆ ಅಪಾಯ. ಆದ್ದರಿಂದ ಕೊನೆಯಿಂದ ಕೊನೆಯವರೆಗೂ ಪಿನಿಯನ್ ತಿರುಗಿಸಿ, ಎಲ್ಲೂ ಬಿಗಿಯಾಗದಂತೆ ನೋಡಿಕೊಳ್ಳಿ. ಕಾರನ್ನು ರಸ್ತೆಗಿಳಿಸುವ ಮೊದಲು ಅನುಭವಿ ಮೆಕ್ಯಾನಿಕ್ ಒಬ್ಬರಿಂದ ಎಲ್ಲ ನಟ್ಟುಗಳನ್ನು ಪರೀಕ್ಷೆ ಮಾಡಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ.

ಪ್ರಶ್ನೆ: ಪವರ್ ಸ್ಟೀರಿಂಗ್ ಇರುವ ಕಾರಿಗೂ ಇದೇ ಕ್ರಮವೇ?
– ಓದುಗರೊಬ್ಬರು, ಸಾಗರ

ಉತ್ತರ: ನೆರವಿನ ವಿದ್ಯುತ್ ಮೋಟಾರು ಸ್ಟೀರಿಂಗ್ ಕಾಲಮ್ಮಿನಲ್ಲಿದ್ದರೆ (ಸ್ಟೀರಿಂಗ್ ಚಕ್ರದ ಕೆಳಗಿನ ಕಂಬದಲ್ಲಿ) ಕೆಳಗಿನ ರ‍್ಯಾಕ್ ಸಾಮಾನ್ಯ ರ‍್ಯಾಕೇ, ಗ್ರೀಸಿನ ಕ್ರಮವೂ ಇದೇ. ಆದರೆ ಬಿಚ್ಚುವ ಮೊದಲು ಚಕ್ರಗಳನ್ನು ನೇರವಾಗಿರಿಸಿ ಸ್ಟೀರಿಂಗನ್ನು ಲಾಕ್ ಮಾಡಬೇಕು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸ್ಟೀರಿಂಗ್ ಸುಮ್ಮನೆ ಸುತ್ತಿಬಿಟ್ಟರೆ ಅದರ ವೈರಿನ ಸುರುಳಿ ತುಂಡಾಗುತ್ತದೆ. ಹೈಡ್ರಾಲಿಕ್ ರ‍್ಯಾಕಿನ ಸಿಲಿಂಡರಿಗೆ ಅದರ ಎಣ್ಣೆಯೇ ಜಾರುಕ, ಸೀಲಿನ ಕೆಲಸ ಬಹಳ ನಾಜೂಕಿನದು. ಅದನ್ನು ಮನೆಯಲ್ಲಿ ಬಿಚ್ಚದೆ ತಿಳಿದವರ ಕೈಗೆ ಕೊಡಿ.