ಎಚ್‌ಸಿವಿ ಐತಿ ಅಂತ ಗೊತ್ತಿದ್ದೂ ಐದು ವರ್ಷ ಸುಮ್ಮನ ಕುಂತ ಶಾಂತಕ್ಕನ ಕೇಸು

(ಹೆಸರು, ಊರು, ಮನಿ ವಿವರ ಬದಲ ಮಾಡೇನಿ. ಅವ್ರ ಒಪ್ಪಿಗಿ ತಗೊಂಡ ಬರ್ಯಾಕತ್ತೇನಿ.)

ಶಾಂತಕ್ಕ ಅನ್ನೂಣು. ವಯಸ್ಸು ಐವತ್ತರ ಹತ್ರ, ಬಾಗಲಕೋಟಿ ಜಿಲ್ಲಾದ ಒಂದು ನೇಕಾರರ ಊರು, ಗಂಡ ಮಗ್ಗದ ಕೆಲಸ, ಇವ್ರು ಮನ್ಯಾಗ ಕಂಡಿಕಿ ಸುತ್ತತಾರ. ಐದು ವರ್ಷದ ಹಿಂದ ಗರ್ಭಚೀಲದ ಆಪರೇಷನ್ ಅಂತ ಒಂದು ದವಾಖಾನಿಗೆ ಹೋಗಿದ್ರು, ಆಪರೇಷನ್ನಿಗೆ ಮೊದ್ಲ ಮಾಡೋ ರಕ್ತ ತಪಾಸಣಿಯೊಳಗ ಎಚ್‌ಸಿವಿ (ಲಿವರಿಗೆ ಹತ್ತೋ ಹೆಪಟೈಟಿಸ್ ಸಿ ವೈರಸ್) ಪಾಸಿಟಿವ್ ಬಂತು. "ಇಲ್ಲಿ ಆಪರೇಷನ್ ಆಗೂದಿಲ್ಲ, ಬ್ಯಾರೆ ಕಡೆ ನೋಡ್ಕೋರಿ" ಅಂದ್ರಂತ, ಅಷ್ಟ. ಇದು ಏನ್ ರೋಗ, ಮುಂದ ಯಾವ ಟೆಸ್ಟ್, ಎಲ್ಲಿಗೆ ಹೋಗ್ಬೇಕು, ಒಂದೂ ಹೇಳಲಿಲ್ಲ. ಗಂಡ ಒಂದು ಲ್ಯಾಬಿನ್ಯಾಗ ವಿಚಾರಿಸಿದ್ರ ಮುಂದಿನ ಟೆಸ್ಟಿಗೆ ಸಾವಿರಗಟ್ಟಲೆ ರೊಕ್ಕ ಅಂದ್ರು, ಹಂಗ ವಾಪಸ್ ಬಂದ್ರು. ಯಾರೋ ಇದು ಕಾಮಣಿನ ಅಂದ್ರು ಅಂತ ನಾಟಿ ಔಷಧ ತಗೊಂಡು, ಎಣ್ಣಿ ಖಾರ ಬಿಟ್ಟು ಪಥ್ಯ ಮಾಡಿದ್ರು, ಆಮ್ಯಾಲ ಲಿವರ್ ಟೆಸ್ಟ್ ಮಾಡ್ಸಿದ್ರ ಎಸ್‌ಜಿಪಿಟಿ (ಲಿವರಿಗೆ ಪೆಟ್ಟು ಬಿದ್ರ ರಕ್ತದಾಗ ಏರೋ ಅಂಶ) ನಾರ್ಮಲ್ ಬಂತು. ಹೋತು ಬಿಡು ಅಂತ ರಿಪೋರ್ಟ್ ಟ್ರಂಕಿನ್ಯಾಗ ಸೀರಿ ಕೆಳಗ ಹೋತು.

ಆದ್ರ ಮನಸಿನ್ಯಾಗಿಂದ ಹೋಗಿರಲಿಲ್ಲ ನೋಡ್ರಿ. ತನ್ನ ಗಂಗಾಳ, ಚರಗಿ ಬ್ಯಾರೆ ಇಟ್ಕೊಂಡಿದ್ರು, ಯಾರಿಗೂ ಯಾಕಂತ ಹೇಳಿರಲಿಲ್ಲ. ಮಗಳು ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಾಗ ಎಲ್ಲಾ ಹೊರಗ ಬಂತು. ಕೂಸಿಗೆ ಎಣ್ಣಿ ಹಚ್ಚಿ ಎರಿಯಾಕ ಇವ್ರು ಒಲ್ಲೆ ಅಂದ್ರು, ಓಣ್ಯಾಗಿನ ಒಬ್ಬ ಅಜ್ಜಿನ ಕರಸಿದ್ರು, ತಾವು ಬಾಗಿಲಾಗ ನಿಂತು ಬಿಸಿನೀರು ಕೊಡೂದು, ಸೀರಿ ಸೆರಗಿಗೆ ಕೈ ಒರಸ್ಕೊಂಡು ಮತ್ತ ಹಿಂದ ಸರಿಯೂದು. ಹೆಣ್ಣು ಹುಟ್ಟೇತಿ ಅಂತ ಅವ್ವ ಮುಟ್ಟವಲ್ಲಳು ಅಂತ ಮಗಳು ತಿಳ್ಕೊಂಡು ದೊಡ್ಡ ಜಗಳಾತು. ಕಡೀಕ ಅವ್ವ ಟ್ರಂಕ್ ತಗದು ರಿಪೋರ್ಟ್ ಕೈಯಾಗ ಕೊಟ್ಳಂತ. ಮಗಳ ಕರ್ಕೊಂಡ ಬಂದ್ಲು ನನ್ನ ಹತ್ರ.

"ಮೇಡಂ, ನಾ ಮುಟ್ಟಿದ್ರ ಕೂಸಿಗೆ ಹತ್ತತೈತಿ ಅಲ್ರಿ?" ಅಂತ ಕೇಳಿದ್ರು. ನಾ ಹೇಳ್ದೆ, ಇಲ್ಲ ಅಕ್ಕಾ, ಇದು ರಕ್ತದಿಂದ ರಕ್ತಕ್ಕ ಹೋಗೋ ರೋಗ, ಮುಟ್ಟಿದ್ರ, ಮುದ್ದು ಕೊಟ್ರ, ಒಂದ ಗಂಗಾಳದಾಗ ಉಂಡ್ರ, ಕೆಮ್ಮಿದ್ರ ಹತ್ತೂದಿಲ್ಲ, ಎರೀರಿ ಕೂಸಿಗೆ. ಕೈಗೆ ಗಾಯ ಆಗಿದ್ರ ಪಟ್ಟಿ ಹಚ್ಕೋರಿ, ಬ್ಲೇಡು, ಉಗುರ ಕತ್ತರಸೋದು, ಹಲ್ಲಿನ ಬ್ರಷ್ ನಿಮ್ದು ನಿಮಗ ಇರ್ಲಿ, ಕೂಸಿನ ಕಿವಿ ಚುಚ್ಚೋ ಮುಂದ ಹೊಸಾ ಸೂಜಿ ಅಂತ ಹೇಳ್ರಿ, ಇದು ನಿಮಗಷ್ಟ ಅಲ್ಲ ಎಲ್ಲಾರಿಗೂ. ಬ್ಯಾರೆ ಗಂಗಾಳ ಇವತ್ತ ಸಂಜಿಂದ ಬಂದ್.

ಅವತ್ತು ಹೆಚ್ಚು ಹೊತ್ತು ತಗೊಂಡಿದ್ದು ಆ ಹಳೇ ರಿಪೋರ್ಟಿನ ಮ್ಯಾಲ. ಅದು ಆ್ಯಂಟಿಬಾಡಿ ಟೆಸ್ಟ್, ಅಂದ್ರ ವೈರಸ್ ವಿರುದ್ಧ ಮೈ ತಯಾರು ಮಾಡಿದ ಅಂಶನ್ನ ಹುಡುಕೋದು, ವೈರಸ್ಸನ್ನಲ್ಲ. ಕಬ್ಬಿನ ಹೊಲದಾಗ ಹಂದಿ ಹೆಜ್ಜಿ ಕಂಡಂಗ ಅದು, ಹಂದಿ ಬಂದಿತ್ತು ಅನ್ನೂದು ಖರೆ, ಇನ್ನೂ ಒಳಗ ಐತೋ ಹೋಗೇತೋ ಹೆಜ್ಜಿ ಹೇಳೂದಿಲ್ಲ. ಸೋಂಕು ಆದವ್ರೊಳಗ ನೂರಕ್ಕ ಸುಮಾರು 30 ಜನರ ಮೈ ಔಷಧ ಇಲ್ದ 6 ತಿಂಗಳೊಳಗ ವೈರಸ್ಸನ್ನ ಹೊರಗ ಹಾಕ್ತೈತಿ, ಉಳದ 70 ಜನರಿಗೆ ಅದು ಒಳಗ ಕುಂತಬಿಡ್ತೈತಿ. ಐತೋ ಇಲ್ಲೋ ಹೇಳೂದು ರಕ್ತದಾಗ ವೈರಸ್ಸನ್ನ ನೇರ ಹುಡುಕೋ ಆರ್‌ಎನ್‌ಎ ಟೆಸ್ಟ್, ಜನ ವೈರಲ್ ಲೋಡ್ ಅಂತಾರಲ್ಲ ಅದು. ಎಸ್‌ಜಿಪಿಟಿ ನಾರ್ಮಲ್ ಅಂದಕೂಡ್ಲೆ ಆರಾಮ ಅಂತಲ್ಲ, ಎಸ್‌ಜಿಪಿಟಿ ನಾರ್ಮಲ್ ಇದ್ದೂ ಲಿವರ್ ಒಳಗೊಳಗ ಗಟ್ಟಿ ಆಗ್ತಾ ಹೋಗ್ಬಹುದು, ವೈರಸ್ ಒಳಗ ಕುಂತವ್ರೊಳಗ ನೂರಕ್ಕ 15ರಿಂದ 30 ಜನರಿಗೆ 20 ವರ್ಷದೊಳಗ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿ ಆಗೋದು) ತನಕ ಹೋಗ್ತೈತಿ.

ರೋಗ ಎಲ್ಲಿಂದ ಬಂತು ಅನ್ನೂದು ಅವ್ರ ತಲಿಯೊಳಗ ಕೊರಿಯಾಕತ್ತಿತ್ತು. ಖಾತ್ರಿ ಹೇಳಾಕ ಬರೂದಿಲ್ಲ, ಆದ್ರ 1997ರಾಗ ಈ ಮಗಳು ಹುಟ್ಟಿದ ಮ್ಯಾಲ ಭಾಳ ರಕ್ತ ಹೋಗಿ ಎರಡು ಬಾಟ್ಲಿ ಏರಸಿದ್ರಂತ. ಈ ವೈರಸ್ ಸಿಕ್ಕಿದ್ದ 1989ರಾಗ, ನಮ್ಮ ದೇಶದಾಗ ದಾನದ ರಕ್ತಕ್ಕ ಎಚ್‌ಸಿವಿ ಟೆಸ್ಟ್ ಕಡ್ಡಾಯ ಆಗಿದ್ದು 2000 ದಾಟಿದ ಮ್ಯಾಲ. ನಿಮ್ಮ ನಡತಿಗೂ ಇದಕ್ಕೂ ಸಂಬಂಧ ಇಲ್ಲ ಅಕ್ಕಾ ಅಂದಾಗ ಆಕಿ ಅತ್ತಿದ್ದು ನೋಡಿ, ಐದು ವರ್ಷ ಯಾಕ ಯಾರಿಗೂ ಹೇಳಿರಲಿಲ್ಲ ಅನ್ನೂದು ನನಗ ತಿಳೀತು. ಮಗಳು ಹುಟ್ಟಿದ್ದು ರಕ್ತ ಏರಸೂಕಿಂತ ಮೊದ್ಲ, ಹಂಗಾಗಿ ರೋಗ ಆ ರಕ್ತದಿಂದ ಬಂದಿದ್ರ ಆಕಿಗೆ ಅವ್ವನಿಂದ ಬರೋ ಪ್ರಶ್ನಿ ಇಲ್ಲ. ಮಗ ಹುಟ್ಟಿದ್ದು ಮೂರು ವರ್ಷ ಬಿಟ್ಟು. ತಾಯಿಯಿಂದ ಕೂಸಿಗೆ ಹೋಗೋದು ನೂರಕ್ಕ ಐದಾರು, ಕಡಿಮಿನ, ಆದ್ರೂ ಅವ್ನ್ದು ಮಾಡಸ್ಲೇಬೇಕು ಅಂತ ಹೇಳ್ದೆ, ಗಂಡಂದೂ. ಇಬ್ಬರ್ದೂ ನೆಗೆಟಿವ್ ಬಂತು.

ಶಾಂತಕ್ಕನ ಆರ್‌ಎನ್‌ಎ ಪಾಸಿಟಿವ್ ಬಂತು. ಪ್ಲೇಟ್ಲೆಟ್ ಕಡಿಮಿ, ಸ್ಕ್ಯಾನಿಂಗಿನ್ಯಾಗ ಲಿವರ್ ಒರಟಾಗೇತಿ ಅಂತ ಬಂತು, ಡಾಕ್ಟ್ರು ಸಿರೋಸಿಸ್ ಶುರು ಆಗೇತಿ ಆದ್ರ ಇನ್ನೂ ಸಂಭಾಳಿಸೋ ಹಂತದಾಗ ಐತಿ ಅಂದ್ರು. ಇದನ್ನ ಹೇಳೋ ಮುಂದ ನನಗ ಸಿಟ್ಟ ಬಂದಿತ್ತು, ಆಕಿ ಮ್ಯಾಲ ಅಲ್ಲ. 2018ರ ಜುಲೈ 28ಕ್ಕ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಆಗೇತಿ, ಅದ್ರಾಗ ಟೆಸ್ಟೂ ಫ್ರೀ, ಗುಳಿಗೀನೂ ಫ್ರೀ, ಸರಕಾರಿ ದೊಡ್ಡಾಸ್ಪತ್ರಿಯೊಳಗ ಕೇಳಿದ್ರ ದಾರಿ ತೋರಸ್ತಾರ. ಪಾಸಿಟಿವ್ ಅಂತ ಹೇಳಿ ಕಳಿಸಿದವ್ರು ಇದೊಂದ ಮಾತು ಅವತ್ತ ಹೇಳಿದ್ದಿದ್ರ? 2022ರ ಲೆಕ್ಕಕ್ಕ ಜಗತ್ತಿನ್ಯಾಗ ಸುಮಾರು 5 ಕೋಟಿ ಜನರ ಮೈಯಾಗ ಈ ವೈರಸ್ ಇತ್ತು, ತಮಗ ಐತಿ ಅಂತ ಗೊತ್ತಿದ್ದವ್ರು ನೂರಕ್ಕ 36 ಅಷ್ಟ, ಔಷಧ ಮುಟ್ಟಿದ್ದು ಅದಕ್ಕಿಂತಾನೂ ಕಡಿಮಿ ಜನಕ್ಕ. ಶಾಂತಕ್ಕನಂಥವ್ರು ಅದ್ರಾಗ ಎಷ್ಟು ಮಂದಿ ಇರ್ಬೇಕು.

ಸಿರೋಸಿಸ್ ಇಲ್ದವ್ರಿಗೆ ಸೋಫೋಸ್ಬುವಿರ್ ಜೋಡಿ ಡಕ್ಲಾಟಾಸ್ವಿರ್ ಕೊಡ್ತಾರ, ಇವ್ರಿಗೆ ಸೋಫೋಸ್ಬುವಿರ್-ವೆಲ್ಪಟಾಸ್ವಿರ್ ಬರದ್ರು, ದಿನಕ್ಕೊಂದು, 12 ವಾರ. ಶುರು ಮಾಡೂ ಮೊದ್ಲ ಹೆಪಟೈಟಿಸ್ ಬಿ (ಲಿವರಿಗೆ ಹತ್ತೋ ಇನ್ನೊಂದು ವೈರಸ್) ಟೆಸ್ಟೂ ಆತು, ಯಾಕಂದ್ರ ಬಿ ಒಳಗಿದ್ರ ಸಿ ಔಷಧದ ಟೈಮಿನ್ಯಾಗ ಅದು ಮ್ಯಾಲೆದ್ದು ಬರೋ ಚಾನ್ಸ್ ಇರ್ತೈತಿ. ನೀವು ದಿನಾ ಬ್ಯಾರೆ ಏನೇನು ಗುಳಿಗಿ ನುಂಗ್ತೀರಿ ಅಂತ ಕೇಳಿದ್ರ ಏನೂ ಇಲ್ರಿ ಅಂದ್ರು. ಗ್ಯಾಸಿಂದು? "ಅದ? ಅದು ದಿನಾ ಮುಂಜಾನಿ ಒಂದು, ಮೆಡಿಕಲ್ ಶಾಪಿನವ್ರ ಕೊಡ್ತಾರ." ಜನ ಗ್ಯಾಸಿನ ಗುಳಿಗಿನ್ನ ಔಷಧದ ಲೆಕ್ಕಕ್ಕ ಹಿಡಿಯೂದ ಇಲ್ಲ. ವೆಲ್ಪಟಾಸ್ವಿರ್ ಮೈಗೆ ಹತ್ತಾಕ ಹೊಟ್ಟಿಯೊಳಗಿನ ಆ್ಯಸಿಡ್ ಬೇಕು, ಗ್ಯಾಸಿನ ಗುಳಿಗಿ ಅದನ್ನ ಕಡಿಮಿ ಮಾಡ್ತೈತಿ, ಅಂದ್ರ ಔಷಧ ನುಂಗಿದ್ರೂ ಪೂರ್ತಿ ಹತ್ತೂದಿಲ್ಲ. ಡಾಕ್ಟ್ರಿಗೆ ಹೇಳಿ ಬಂದ್ ಮಾಡ್ಸಿದ್ವಿ. ನಾಟಿ ಔಷಧಾನೂ ಬಂದ್.

ನಡುವ ಶ್ರಾವಣ ಬಂತು. "ಸೋಮವಾರ ಒಪ್ಪತ್ತು ಮಾಡ್ತೀನ್ರಿ, ಅವತ್ತು ಬಿಡ್ಲಾ?" ಅಂತ ಫೋನ್. ಅಕ್ಕಾ, ಇದಕ್ಕ ಊಟ ಆಗ್ಲೇಬೇಕು ಅಂತೇನಿಲ್ಲ, ನೀರು ಕುಡಿದು ನುಂಗ್ರಿ, ದೇವ್ರು ಬ್ಯಾಡ ಅನ್ನೂದಿಲ್ಲ, ಒಂದು ದಿನಾನೂ ತಪ್ಪಿಸ್ಬ್ಯಾಡ್ರಿ ಅಂದೆ. ಎರಡನೇ ತಿಂಗಳಿಗೆ ಸುಸ್ತು ಕಡಿಮಿ ಆತು, ಆವಾಗ ಬಿಡೋರು ಭಾಳ ಮಂದಿ, ಇವ್ರು ಬಿಡ್ಲಿಲ್ಲ, ಮಗಳು ಗಂಡನ ಮನಿಗೆ ಹೋದ ಮ್ಯಾಲೂ ದಿನಾ ರಾತ್ರಿ ಫೋನ್ ಮಾಡಿ ಕೇಳ್ತಿದ್ಲು.

ಗುಳಿಗಿ ಮುಗದ 12 ವಾರಕ್ಕ ಮತ್ತ ಆರ್‌ಎನ್‌ಎ ಮಾಡಿದ್ರ ವೈರಸ್ ಕಂಡಿಲ್ಲ ಅಂತ ಬಂತು. ಈ ಔಷಧದಾಗ ನೂರಕ್ಕ 95ಕ್ಕಿಂತ ಹೆಚ್ಚು ಜನರಿಗೆ ವಾಸಿ ಆಗ್ತೈತಿ, ಹೋತಂದ್ರ ಹೋತು. ಆದ್ರ ಆ್ಯಂಟಿಬಾಡಿ ಟೆಸ್ಟ್ ಜೀವನಪೂರ್ತಿ ಪಾಸಿಟಿವ್ ತೋರಸ್ತಿರ್ತೈತಿ, ನಾಳೆ ಬ್ಯಾರೆ ದವಾಖಾನ್ಯಾಗ ಮತ್ತ ಅದನ್ನ ನೋಡಿ ಹೆದರಿಸಿದ್ರ? ಅದಕ್ಕ ಈ ಆರ್‌ಎನ್‌ಎ ರಿಪೋರ್ಟಿನ ಝೆರಾಕ್ಸ್ ಎರಡು ತಗಸಿ ಇಟ್ಕೋರಿ, ಮೊಬೈಲಿನ್ಯಾಗ ಫೋಟೋನೂ ಇರ್ಲಿ, ತೋರಸ್ರಿ ಅಂದೆ. ಒಮ್ಮೆ ವಾಸಿ ಆದ್ರೂ ಮತ್ತ ಹೊಸದಾಗಿ ಹತ್ತಬಹುದು, ಇದಕ್ಕ ಲಸಿಕಿ ಇಲ್ಲ, ಹಂಗಾಗಿ ಇಂಜೆಕ್ಷನ್ ಮಾಡೋ ಮುಂದ ಹೊಸಾ ಸೂಜಿಯ ಪಾಕೀಟು ಕಣ್ಣ ಮುಂದ ಒಡಸ್ರಿ ಅಂತಾನೂ ಹೇಳ್ದೆ.

"ಹುಳಾನ ಹೋದ ಮ್ಯಾಲ ಮತ್ಯಾಕ್ರಿ ಸ್ಕ್ಯಾನಿಂಗ್, ಹೋಗಿ ಬರೋ ಖರ್ಚು ಬ್ಯಾರೆ" ಅಂತ ಗಂಡ ಅಂದ್ರು. ಸಿರೋಸಿಸ್ ಆದ ಲಿವರಿನ್ಯಾಗ ವೈರಸ್ ಹೋದ ಮ್ಯಾಲೂ ಕ್ಯಾನ್ಸರಿನ ಭಯ ಉಳೀತೈತಿ, ಕಡಿಮಿ ಆಗ್ತೈತಿ, ಪೂರ್ತಿ ಹೋಗೂದಿಲ್ಲ, 6 ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಸಾಂಗಿಲ್ಲ ಅಂತ ಅವ್ರನ್ನ ಕುಂದ್ರಿಸಿ ಹೇಳ್ದೆ. ಐದು ವರ್ಷ ಮೊದ್ಲ ಬಂದಿದ್ರ ಈ ಸ್ಕ್ಯಾನಿಂಗ್ ಬೇಕಾಗ್ತಿರಲಿಲ್ಲೇನು ಅಂತ ಶಾಂತಕ್ಕ ಕೇಳಿದ್ರು. ಆಗ್ತಿರಲಿಲ್ಲೋ ಏನೋ ಅಕ್ಕಾ, ಆದ್ರ ಇನ್ನೊಂದು ಐದು ವರ್ಷ ಬಿಟ್ಟಿದ್ರ ಮಾತ ಬ್ಯಾರೆ ಇರ್ತಿತ್ತು ಅಂದೆ. ಮುಂದಿನ ಸ್ಕ್ಯಾನಿಂಗ್ ದೀಪಾವಳಿ ಆದ ಮ್ಯಾಲ ಐತಿ, ಬಸ್ಸಿನ ರೊಕ್ಕ ಈಗ ತಗದಿಡ್ತೀನಿ ಅಂದಾರ.