ಬಸ್ಸಿನಲ್ಲಿ ಹೋದ ದುಡ್ಡು, ಯಾವ ಠಾಣೆಗೆ ದೂರು?

ಹಿರಿಯೂರಿನ ಓದುಗರೊಬ್ಬರ ಪತ್ರ: ‘ಮಗಳ ಮದುವೆಗೆ ಸೀರೆ ತರಲು ದಾವಣಗೆರೆಗೆ ಬಸ್ಸಿನಲ್ಲಿ ಹೊರಟಿದ್ದೆ. ಇಳಿದು ನೋಡಿದರೆ ಬ್ಯಾಗಿಗೆ ಬ್ಲೇಡು ಹಾಕಿದ್ದರು. 18 ಸಾವಿರ ರೂಪಾಯಿ, ಒಂದು ಜೊತೆ ಓಲೆ ಹೋಗಿತ್ತು. ಒಂದು ಠಾಣೆಗೆ ಹೋದೆ. ಎಲ್ಲಿ ಕಳುವಾಯಿತೋ ಅಲ್ಲಿಗೇ ಹೋಗಿ ಅಂದರು. ಎಲ್ಲಿ ಅಂತ ನನಗೇನು ಗೊತ್ತು? ಸುಮ್ನೆ ಮನೆಗೆ ಬಂದೆ. ಮೂರು ವಾರ ಆಯಿತು. ಯಾವ ಅಪರಾಧಕ್ಕೆ ಯಾರಿಗೆ ಹೇಳಬೇಕು ಅಂತ ನಮ್ಮಂಥವರಿಗೆ ತಿಳಿಯುವ ಹಾಗೆ ಬರೆಯಿರಿ.’

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಸಂಕಟವಾಯಿತು. ದುಡ್ಡು ಹೋಗಿದ್ದು ಒಂದು ನೋವು. ನಿಮ್ಮನ್ನು ಬರಿಗೈಲಿ ವಾಪಸ್ ಕಳಿಸಿದ್ದು ಅದಕ್ಕಿಂತ ದೊಡ್ಡ ನೋವು. ಅದು ತಪ್ಪು ಕೂಡ.

ನಿಮ್ಮ ಬಸ್ಸು ಐಮಂಗಲ, ಚಿತ್ರದುರ್ಗ, ಭರಮಸಾಗರ, ಆನಗೋಡು ದಾಟಿ ಬಂದಿದೆ. ಎರಡು ಜಿಲ್ಲೆ, ಎಷ್ಟೋ ಠಾಣೆಗಳ ಸರಹದ್ದು. ಬ್ಲೇಡು ಎಲ್ಲಿ ಬಿತ್ತು ಅಂತ ಹೇಳುವುದು ನಿಮ್ಮ ಕೆಲಸವೇ ಅಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನು ನೇರವಾಗಿ ಹೇಳುತ್ತದೆ. ಅಪರಾಧ ಎಲ್ಲೇ ನಡೆದಿರಲಿ, ನೀವು ಹೋದ ಠಾಣೆಯಲ್ಲೇ ದೂರು ಬರೆದುಕೊಳ್ಳಬೇಕು. ಠಾಣೆಯಲ್ಲಿ ದಾಖಲಾಗುವ ಅಪರಾಧದ ಮೊದಲ ವರದಿಯೇ ಎಫ್‌ಐಆರ್. ಹೀಗೆ ಸರಹದ್ದು ನೋಡದೆ ಬರೆದುಕೊಂಡರೆ ಅದನ್ನು ಝೀರೋ ಎಫ್‌ಐಆರ್ ಅನ್ನುತ್ತಾರೆ. ಆಮೇಲೆ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ, ನಿಮ್ಮ ಓಡಾಟವಲ್ಲ. ನಿಮಗೆ ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಬಹುದು. ಅವರು ಬರೆದು, ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಳ್ಳಬೇಕು. ಮೊಬೈಲು, ಕಂಪ್ಯೂಟರಿನಿಂದಲೂ ದೂರು ಕಳಿಸಬಹುದು. ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಜಾಸ್ತಿ ಜನ ಮೋಸ ಹೋಗುವ ಜಾಗ ಒಂದಿದೆ. ಠಾಣೆಯಲ್ಲಿ ಬಿಳಿ ಹಾಳೆಯ ಅರ್ಜಿ ಇಸಿದುಕೊಂಡು ‘ನೋಡ್ತೀವಿ, ಹೋಗಿ’ ಅನ್ನುತ್ತಾರೆ. ಕಂಪ್ಲೇಂಟ್ ಆಯ್ತು ಅಂತ ನಾವು ನೆಮ್ಮದಿಯಿಂದ ಮನೆಗೆ ಬರುತ್ತೇವೆ. ಅರ್ಜಿ ಬೇರೆ, ಎಫ್‌ಐಆರ್ ಬೇರೆ. ‘ಎಫ್‌ಐಆರ್ ಆಯ್ತಾ, ನಂಬರ್ ಎಷ್ಟು?’ ಅಂತ ಕೇಳಿ. ಅದರ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಎಲ್ಲ ದೂರಿಗೂ ಎಫ್‌ಐಆರ್ ಆಗುವುದಿಲ್ಲ, ಅದೂ ನಿಜ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವನ್ನು ಪೊಲೀಸರು ಪುಸ್ತಕದಲ್ಲಿ ಬರೆದುಕೊಂಡು, ಮ್ಯಾಜಿಸ್ಟ್ರೇಟರ ಬಳಿ ಹೋಗಲು ಹೇಳಬಹುದು. ನಿಮ್ಮದು ಹಾಗಲ್ಲ. ಪ್ರಯಾಣಿಕರ ವಾಹನದಲ್ಲಿ ಮಾಡಿದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆ ಇದೆ. ಇಂಥದ್ದಕ್ಕೆ ಎಫ್‌ಐಆರ್ ಮಾಡಲೇಬೇಕು. 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಅದನ್ನೇ.

ಆದರೂ ಒಲ್ಲೆ ಅಂದರೆ? ಜಗಳ ಬೇಡ. ನಡೆದದ್ದನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುವ ದಾರಿ ಇದೆ.

ಉಳಿದ ಅಪರಾಧಗಳ ಮಾತು. ಹೊಡೆದಾಟ, ಮನೆಗೆ ನುಗ್ಗಿದ ಕಳ್ಳ, ಅಪಘಾತ, ಹೀಗೆ ಕಣ್ಣೆದುರಿಗೇ ನಡೆಯುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಠಾಣೆ ಹುಡುಕುತ್ತಾ ಹೋಗಬೇಡಿ. ನೀವು ನಿಂತ ಜಾಗದ ಗುರುತು ಮೊದಲು ಹೇಳಿ, ಕಥೆ ಆಮೇಲೆ.

ಫೋನಿನಲ್ಲಿ ದುಡ್ಡು ಹೋದರೆ 1930. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲೇ ಆಗಿದೆ. ಮೆಕ್ಕೆಜೋಳ ಮಾರಿದ ದುಡ್ಡು ನನ್ನ ತಮ್ಮನ ಖಾತೆಗೆ ಬಂದಿತ್ತು. ಬ್ಯಾಂಕಿನವರು ಅಂತ ಯಾರೋ ಫೋನ್ ಮಾಡಿದರು, ಇವನು ಓಟಿಪಿ ಹೇಳಿಬಿಟ್ಟ. ನಾಚಿಕೆಗೆ ರಾತ್ರಿಯೆಲ್ಲ ಯಾರಿಗೂ ಹೇಳದೆ ಕೂತಿದ್ದ. ಬೆಳಗಾಗುವ ಹೊತ್ತಿಗೆ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಹೋಗಿತ್ತು. 1930ಕ್ಕೆ ಕೂಡಲೇ ಹೇಳಿದರೆ ಆ ಖಾತೆಗಳಲ್ಲಿ ಇನ್ನೂ ಉಳಿದಿರುವ ಹಣವನ್ನು ಬ್ಯಾಂಕುಗಳು ತಡೆಹಿಡಿಯಬಹುದು. ಅದಕ್ಕೇ ಇಲ್ಲಿ ಒಂದೊಂದು ನಿಮಿಷವೂ ದುಡ್ಡೇ. ಹಣ ಹೋದ ಹೊತ್ತು, ವ್ಯವಹಾರದ ನಂಬರು ಕೈಯಲ್ಲಿರಲಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ, ಇಲ್ಲವೇ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ದೂರು ಕೊಡಿ. ಹಾಗೇ ಒಂದು ಮಾತು: ‘ಡಿಜಿಟಲ್ ಅರೆಸ್ಟ್’ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕಾಲಿನಲ್ಲಿ ಯಾರಾದರೂ ಹಾಗೆ ಹೆದರಿಸಿದರೆ ಫೋನ್ ಇಟ್ಟುಬಿಡಿ.

ಮಕ್ಕಳ ವಿಷಯಕ್ಕೆ 1098. ಅಕ್ಷಯ ತೃತೀಯದ ಹೊತ್ತಿಗೆ ಊರಲ್ಲಿ 18 ತುಂಬದ ಹುಡುಗಿಯ ಮದುವೆ ಗೊತ್ತಾಗಿದೆ ಅಂದುಕೊಳ್ಳಿ. ‘ನಮಗ್ಯಾಕೆ ಊರ ಉಸಾಬರಿ, ನಾಳೆ ಮುಖ ನೋಡಬೇಕಲ್ವಾ’ ಅಂತ ಸುಮ್ಮನಾಗಬೇಡಿ, ದಯವಿಟ್ಟು. ಹೆಸರು ಹೇಳದೆಯೂ ತಿಳಿಸಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಿದ್ದರೆ, 2012ರ ಪೋಕ್ಸೊ ಕಾಯ್ದೆ ಪ್ರಕಾರ ಹೇಳಲೇಬೇಕು. ಮುಚ್ಚಿಟ್ಟರೆ ಅದೇ ಒಂದು ಅಪರಾಧ. ಮನೆಯೊಳಗಿನ ಹಿಂಸೆಗೆ ಹೆಣ್ಣುಮಕ್ಕಳು 181ಕ್ಕೆ ಫೋನ್ ಮಾಡಬಹುದು. ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ಈಗ ನಿಮ್ಮ ಕೆಲಸ. ಮೂರು ವಾರ ತಡವಾಯಿತು ಅಂತ ದೂರು ಸತ್ತುಹೋಗುವುದಿಲ್ಲ. ಯಾಕೆ ತಡವಾಯಿತು ಅನ್ನುವುದನ್ನೂ ಬರೆಯಿರಿ, ಮೊದಲ ಸಲ ವಾಪಸ್ ಕಳಿಸಿದ್ದನ್ನೂ ಸೇರಿಸಿ. ಬಸ್ಸು ಹತ್ತಿದ ಹೊತ್ತು, ಪಕ್ಕದಲ್ಲಿ ಕೂತವರ ಚಹರೆ, ಓಲೆಯ ತೂಕ ಬರೆಯಿರಿ. ನೋಡಿದ್ದನ್ನು ನೋಡಿದ್ದು ಅಂತ, ಅನುಮಾನವನ್ನು ಅನುಮಾನ ಅಂತಲೇ ಬರೆಯಿರಿ. ಬ್ಲೇಡು ಬಿದ್ದ ಬ್ಯಾಗನ್ನು ಹೊಲಿಸಬೇಡಿ, ಹಾಗೇ ಒಯ್ಯಿರಿ. ಬಸ್ ಟಿಕೆಟ್ ಪರ್ಸಿನ ಮೂಲೆಯಲ್ಲಿ ಇನ್ನೂ ಇದ್ದರೆ ಅದೂ ಬೇಕು. ಹಿರಿಯೂರಿನ ಠಾಣೆಗೇ ಹೋಗಿ, ದಾವಣಗೆರೆವರೆಗೆ ಬರಬೇಕಿಲ್ಲ. ಎಫ್‌ಐಆರ್ ಪ್ರತಿ ಕೈಗೆ ಸಿಕ್ಕ ದಿನ ನಮಗೊಂದು ಕಾರ್ಡು ಹಾಕಿ. ಸಿಗದಿದ್ದರೂ ಹಾಕಿ. ವರಿಷ್ಠಾಧಿಕಾರಿಗಳಿಗೆ ಬರೆಯುವ ಪತ್ರಕ್ಕೆ ನಾವು ಜೊತೆಯಾಗುತ್ತೇವೆ.